ಚೀನಾದ ಸಣ್ಣ ಬಂದರುಗಳ ಲೆಕ್ಕ, ತುಮಕೂರಿನ ಹೊಲಿಗೆ: ಒಂದು ಬೈಂಡಿಂಗ್ ಅಂಗಡಿಯ ಕೆಲಸದ ವಿಮರ್ಶೆ

ತುಮಕೂರಿನ ಮಂಡಿಪೇಟೆಯ ಬಳಿ ಒಂದು ಓಣಿಯಲ್ಲಿ, ಎರಡು ಜೆರಾಕ್ಸ್ ಯಂತ್ರ, ಒಂದು ಕಟಿಂಗ್ ಯಂತ್ರ ಮತ್ತು ಗೋಡೆಯುದ್ದಕ್ಕೂ ರಟ್ಟಿನ ಅಟ್ಟಿಗಳನ್ನು ಇಟ್ಟುಕೊಂಡ ಸಣ್ಣ ಅಂಗಡಿಯೊಂದಿದೆ. ಅಲ್ಲಿ ನಾನು ಕಳೆದ ನಾಲ್ಕು ತಿಂಗಳಲ್ಲಿ ಒಂದೇ ಪುಸ್ತಕವನ್ನು ಎರಡು ಸಲ ಕಟ್ಟಿಸಿಕೊಂಡೆ. ಮೊದಲ ಸಲ ಕೆಲಸ ಕೆಟ್ಟಿತು, ಎರಡನೆಯ ಸಲ ಬಹಳ ಚೆನ್ನಾಗಿ ಬಂತು. ಯಜಮಾನರು ಪ್ರಚಾರ ಬೇಡವೆಂದು ಕೇಳಿಕೊಂಡಿರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಆದರೆ ಹಳೆಯ ವರದಿಗಳನ್ನು ಕಂಪ್ಯೂಟರಿನಿಂದ ಇಳಿಸಿಕೊಂಡು ಕಾಗದದ ಮೇಲೆ ಓದಬೇಕೆನ್ನುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಅವರು ಯಾವ ಬೈಂಡರ್ ಬಳಿಗೆ ಹೋದರೂ ಏನು ಕೇಳಬೇಕು, ಏನನ್ನು ಒಪ್ಪಿಕೊಳ್ಳಬಾರದು ಎಂಬುದು ನನ್ನ ಅನುಭವದಿಂದ ತಿಳಿಯಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಕಟ್ಟಿಸಿದ ಪುಸ್ತಕ ಚೀನಾದ ಸಾಮ್ರಾಜ್ಯ ಸುಂಕ ಇಲಾಖೆ 1893ರಲ್ಲಿ ಶಾಂಘೈಯಲ್ಲಿ ಅಚ್ಚು ಮಾಡಿದ ದಶವಾರ್ಷಿಕ ವರದಿಯ ಆಯ್ದ ಭಾಗ. 1882ರಿಂದ 1891ರವರೆಗಿನ ಹತ್ತು ವರ್ಷಗಳಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದಿದ್ದ ಪ್ರತಿಯೊಂದು ಬಂದರಿನ ಸುಂಕದ ಕಮಿಷನರ್ ತನ್ನ ಊರಿನ ಬಗ್ಗೆ ಬರೆದ ವರದಿಗಳು ಅದರಲ್ಲಿವೆ. ನಾನು ಶಾಂಘೈ, ಕ್ಯಾಂಟನ್, ಹಾಂಕೌಗಳನ್ನು ಬಿಟ್ಟು ಸಣ್ಣ ಬಂದರುಗಳನ್ನು ಮಾತ್ರ ಆರಿಸಿಕೊಂಡು, ಅವುಗಳ ಕೆಲವು ವಾರ್ಷಿಕ ವ್ಯಾಪಾರದ ಕೋಷ್ಟಕಗಳನ್ನೂ ಸೇರಿಸಿ, ಒಟ್ಟು 416 ಪುಟಗಳ ಒಂದು ಕಡತ ಮಾಡಿಕೊಂಡಿದ್ದೆ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದ ನನಗೆ, ಪರದೇಶದ ನೌಕರರು ಇನ್ನೊಂದು ದೇಶದ ಸರ್ಕಾರಕ್ಕಾಗಿ ಸುಂಕ ಲೆಕ್ಕ ಹಾಕುತ್ತಿದ್ದ ಈ ವ್ಯವಸ್ಥೆಯನ್ನು ಒಳಗಿನಿಂದ ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಇಂಥ ಕೋಷ್ಟಕಗಳನ್ನು ಪರದೆಯ ಮೇಲೆ ಓದುವುದು ಅಸಾಧ್ಯವೆಂದೇ ಹೇಳಬೇಕು. ಈಚಾಂಗ್ ಎಂಬ ಬಂದರಿನ ಪುಟ ನೋಡುತ್ತಿರುವಾಗ ಬೈಹಾಯ್ ಎಂಬ ಇನ್ನೊಂದು ಬಂದರಿನ ಪುಟಕ್ಕೆ ಹೋಗಿ ಮರಳಿ ಬರುವಷ್ಟರಲ್ಲಿ ಯಾವ ಸಾಲನ್ನು ಹೋಲಿಸುತ್ತಿದ್ದೆವೆಂಬುದೇ ಮರೆತಿರುತ್ತದೆ.

ಮೊದಲ ಸಲದ ಕೆಲಸದ ಕಥೆ ಹೀಗಿದೆ. ಎ4 ಹಾಳೆಗಳ ಎರಡೂ ಬದಿಗೆ ಅಚ್ಚು ಹಾಕಿ, ಎಡ ಅಂಚಿನಲ್ಲಿ ದಬ್ಬಣದಿಂದ ತೂತು ಕೊರೆದು, ದಾರ ಎಳೆದು, ಮೇಲೆ ಹಸಿರು ರೆಕ್ಸಿನ್ ಹಾಕಿ ಎಂಟು ದಿನಕ್ಕೆ ಕೊಟ್ಟರು. ಕಾಲೇಜಿನ ಪ್ರಾಜೆಕ್ಟ್ ವರದಿಗಳನ್ನೂ ವಕೀಲರ ಕಡತಗಳನ್ನೂ ಹೀಗೆಯೇ ಕಟ್ಟುತ್ತಾರೆ, ಅವಕ್ಕೆ ಅದು ಸಾಕು. ನೋಡಲು ಗಟ್ಟಿಯಾಗಿ, ಅಂದವಾಗಿಯೇ ಇತ್ತು. ಮನೆಗೆ ತಂದು ಬೈಹಾಯ್ ಕೋಷ್ಟಕ ತೆರೆದಾಗ ದೋಷ ಕಂಡಿತು. ಆ ಕೋಷ್ಟಕಗಳಲ್ಲಿ ಎಷ್ಟೋ ಎದುರುಬದುರಿನ ಎರಡು ಪುಟಗಳಿಗೆ ಹರಡಿಕೊಂಡಿವೆ. ಎಡಪುಟದಲ್ಲಿ ಸರಕಿನ ಹೆಸರು, ಅದರ ಪಕ್ಕದಲ್ಲಿ ಅಳತೆಯ ಮಾನ, ಬಲಪುಟದಲ್ಲಿ ವರ್ಷವಾರು ಅಂಕಿಗಳು. ಪಕ್ಕ ಹೊಲಿಗೆಯಿಂದಾಗಿ ಒಳ ಅಂಚು ಸುಮಾರು ಮುಕ್ಕಾಲು ಅಂಗುಲ ಬೆನ್ನಿನೊಳಗೆ ಸೇರಿಹೋಗಿ, ಅಳತೆಯ ಮಾನದ ಕಂಬಸಾಲೇ ಮಾಯವಾಗಿತ್ತು.

ಇದು ಸಣ್ಣ ದೋಷವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಚೀನಾದ ಸುಂಕ ಕಚೇರಿಯಲ್ಲಿ ಹತ್ತಿಬಟ್ಟೆಯನ್ನು ತುಂಡಿನ ಲೆಕ್ಕದಲ್ಲೂ, ನೂಲನ್ನೂ ಅಫೀಮನ್ನೂ ಪಿಕಲ್ ಎಂಬ ತೂಕದಲ್ಲೂ, ಸೀಮೆಎಣ್ಣೆಯನ್ನು ಗ್ಯಾಲನ್ ಲೆಕ್ಕದಲ್ಲೂ ಬರೆಯುತ್ತಿದ್ದರು. ಪಿಕಲ್ ಎಂದರೆ ನೂರು ಕ್ಯಾಟಿ, ನಮ್ಮ ಲೆಕ್ಕದಲ್ಲಿ ಸುಮಾರು 60 ಕಿಲೋ. ಮೌಲ್ಯವನ್ನು ಹೈಕ್ವಾನ್ ಟೇಲ್ ಎಂಬ ಬೆಳ್ಳಿಯ ಮಾನದಲ್ಲಿ ಹೇಳುತ್ತಿದ್ದರು. ಅದು ಟಂಕಿಸಿದ ನಾಣ್ಯವಲ್ಲ, ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದ ಸುಮಾರು 38 ಗ್ರಾಂ ಬೆಳ್ಳಿ, ಅಂದರೆ ಮೂರೂಕಾಲು ತೊಲದಷ್ಟು. ಒಂದೊಂದು ಬಂದರಿನಲ್ಲೂ ಸ್ಥಳೀಯ ಟೇಲ್ ಬೇರೆ ಬೇರೆಯಾಗಿದ್ದುದರಿಂದ ವರ್ತಕನು ತನ್ನ ಊರಿನ ಬೆಳ್ಳಿಯನ್ನು ಈ ಮಾನಕ್ಕೆ ಪರಿವರ್ತಿಸಿ ಕಟ್ಟಬೇಕಾಗಿತ್ತು. ಹೀಗಿರುವಾಗ ಮಾನದ ಕಂಬಸಾಲು ಇಲ್ಲದ ಕೋಷ್ಟಕದಿಂದ ಏನನ್ನೂ ಓದಲಾಗುವುದಿಲ್ಲ. ಒಂದು ಸಾಲಿನಲ್ಲಿ ಸಾವಿರ ಎಂದರೆ ಸಾವಿರ ಥಾನೋ, ಸಾವಿರ ಪಿಕಲೋ, ಸಾವಿರ ಟೇಲೋ ಎಂದು ಊಹಿಸುತ್ತ ಕೂರಬೇಕಾಗುತ್ತದೆ.

ಮರುದಿನ ಪುಸ್ತಕ ಹಿಡಿದುಕೊಂಡು ಹೋದೆ. ಯಜಮಾನರು ಪುಟವನ್ನು ಬೆಳಕಿಗೆ ಹಿಡಿದು ನೋಡಿ, "ತಪ್ಪು ನಮ್ಮದೇ ಸಾರ್, ಒಳಗೆ ಏನಿದೆ ಅಂತ ನೋಡದೆ ಹೊಲಿದುಬಿಟ್ಟೆವು" ಎಂದರು. ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಅವರ ಮಗಳು ಮಾತ್ರ ನನ್ನನ್ನು ಕೂರಿಸಿಕೊಂಡು, ಯಾವ ಪುಟಗಳು ಜೋಡಿಯಾಗಿ ಓದಬೇಕಾದವು, ಯಾವುವು ಬಿಡಿಯಾಗಿದ್ದರೆ ಸಾಕು ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಪುಸ್ತಕದಲ್ಲಿ ಏನಿದೆಯೆಂಬುದನ್ನೇ ಹೇಳಬೇಕಾಯಿತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಎರಡನೆಯ ಸಲ ಅವರು ಮಾಡಿದ ಕೆಲಸದ ಬೆಲೆ ತಿಳಿಯುವುದು ಆಗಲೇ.

ಮೊದಲ ಅಫೀಮು ಯುದ್ಧದ ಕೊನೆಯಲ್ಲಿ, 1842ರ ನಾನ್‌ಜಿಂಗ್ ಒಪ್ಪಂದದ ಪ್ರಕಾರ ಕ್ಯಾಂಟನ್, ಅಮೋಯ್, ಫೂಚೌ, ನಿಂಗ್‌ಬೋ, ಶಾಂಘೈ ಎಂಬ ಐದು ಬಂದರುಗಳು ತೆರೆದವು. 1858ರ ತಿಯಾನ್‌ಜಿನ್ ಒಪ್ಪಂದ ಆ ಪಟ್ಟಿಯನ್ನು ಉತ್ತರದ ಕರಾವಳಿ, ತೈವಾನ್, ಹೈನಾನ್ ದ್ವೀಪ ಮತ್ತು ಯಾಂಗ್‌ಟ್ಸಿ ನದಿಯ ಒಳನಾಡಿನವರೆಗೆ ಬೆಳೆಸಿತು. 1875ರಲ್ಲಿ ಬರ್ಮಾ ಗಡಿಯ ಹತ್ತಿರ ಮಾರ್ಗರಿ ಎಂಬ ಬ್ರಿಟಿಷ್ ಕಾನ್ಸಲ್ ಕಚೇರಿಯ ತರುಣ ಅಧಿಕಾರಿಯ ಕೊಲೆಯಾಯಿತು. ಅದಕ್ಕೆ ಪರಿಹಾರವೆಂಬಂತೆ 1876ರ ಸೆಪ್ಟೆಂಬರ್ 13ರಂದು ಚೀನಾದ ಪರವಾಗಿ ಲಿ ಹೋಂಗ್‌ಝಾಂಗ್ ಮತ್ತು ಬ್ರಿಟನ್ನಿನ ಪರವಾಗಿ ಥಾಮಸ್ ವೇಡ್ ಸಹಿ ಹಾಕಿದ ಚೀಫೂ ಒಪ್ಪಂದದಲ್ಲಿ ಈಚಾಂಗ್, ವುಹು, ವೆನ್‌ಝೌ, ಬೈಹಾಯ್ ಎಂಬ ಇನ್ನೂ ನಾಲ್ಕು ಊರುಗಳು ತೆರೆದವು. ಕೊಲೆಯಾದದ್ದು ಯುನ್ನಾನಿನ ಬೆಟ್ಟಗಳಲ್ಲಿ, ತೆರೆದ ಊರುಗಳಲ್ಲೊಂದು ಅಲ್ಲಿಂದ ಬಹುದೂರದ ಪೂರ್ವ ಕರಾವಳಿಯ ವೆನ್‌ಝೌ. ನನ್ನ ಸಂಪುಟದ ಮುಖ್ಯ ಭಾಗ ಈ ನಾಲ್ಕೇ ಊರುಗಳು, ಅವುಗಳ ಜೊತೆಗೆ ಹೈನಾನಿನ ಹೈಕೌ, ಯಾಂಗ್‌ಟ್ಸಿ ದಡದ ಝೆನ್‌ಜಿಯಾಂಗ್ ಮತ್ತು ಟೊಂಕಿನ್ (ಉತ್ತರ ವಿಯೆಟ್ನಾಂ) ಗಡಿಯ ಮೆಂಗ್‌ಝ.

ಇವುಗಳಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಬೈಹಾಯ್ ಜೊತೆ. ವರದಿಯಲ್ಲಿ ಅದರ ಹೆಸರು ಪಾಕ್‌ಹೋಯ್ ಎಂದಿದೆ. 1877ರಲ್ಲಿ ತೆರೆದ ಈ ಬಂದರಿಗೆ ಹಾಂಕಾಂಗಿನಿಂದ ಹಬೆಹಡಗಿನಲ್ಲಿ ಬಂದ ಹತ್ತಿನೂಲು, ಬಟ್ಟೆ, ಉಣ್ಣೆ ಬಟ್ಟೆಗಳು ಹೊರೆಯಾಳುಗಳ ಮೇಲೆ, ದೋಣಿಗಳಲ್ಲಿ ನಾನ್‌ನಿಂಗಿಗೂ ಅಲ್ಲಿಂದ ಗುವಾಂಗ್‌ಶಿ, ಯುನ್ನಾನ್ ಪ್ರಾಂತ್ಯಗಳ ಒಳಭಾಗಕ್ಕೂ ಹೋಗುತ್ತಿದ್ದವು. 1889ರಲ್ಲಿ ಮೆಂಗ್‌ಝ ತೆರೆಯಿತು. ಫ್ರೆಂಚರ ಟೊಂಕಿನ್ ಮೂಲಕ ಬರುವ ಆಮದಿಗೆ ಸುಂಕದಲ್ಲಿ ಹತ್ತರಲ್ಲಿ ಮೂರು ಭಾಗ, ರಫ್ತಿಗೆ ಹತ್ತರಲ್ಲಿ ನಾಲ್ಕು ಭಾಗ ಕಡಿತವಿತ್ತು. ಯುನ್ನಾನಿನ ಸರಕು ನಿಧಾನವಾಗಿ ಕೆಂಪು ನದಿಯ ಕಡೆಗೆ ಹೊರಳಿತು. ಆಮೇಲೆ 1897ರಲ್ಲಿ ವುಝೌ ತೆರೆದು ಗುವಾಂಗ್‌ಶಿಯ ಸರಕನ್ನೂ ಪಶ್ಚಿಮ ನದಿಗೆ ಎಳೆದುಕೊಂಡಿತು. ಸರಕು ಸಾಗುವ ದಾರಿ ಬದಲಾದರೆ ಒಂದು ಊರು ಹೇಗೆ ಬರಿದಾಗುತ್ತದೆ ಎಂಬುದನ್ನು ಬೈಹಾಯ್ ಮತ್ತು ಮೆಂಗ್‌ಝಗಳ ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ತಿಳಿಯುವಷ್ಟು ಸ್ಪಷ್ಟವಾಗಿ ಇನ್ನಾವುದರಿಂದಲೂ ತಿಳಿಯುವುದಿಲ್ಲ. ಅಕ್ಕಪಕ್ಕ ಇಡಬೇಕಾದರೆ ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳಬೇಕು. ಆ ಹುಡುಗಿಗೆ ನಾನು ಹೇಳಿದ್ದೂ ಇದನ್ನೇ.

ಕೋಷ್ಟಕಗಳನ್ನು ಓದುವವರು ಮರೆಯಬಾರದ ಸಂಗತಿಯೊಂದಿದೆ. ಈ ಸುಂಕ ಇಲಾಖೆ ಲೆಕ್ಕ ಇಡುತ್ತಿದ್ದುದು ವಿದೇಶಿ ಮಾದರಿಯ ಹಡಗುಗಳಲ್ಲಿ ಬಂದ ಸರಕಿಗೆ. ಹಾಯಿಕಟ್ಟಿದ ಚೀನೀ ದೋಣಿಗಳು, ಅಂದರೆ ಜಂಕ್‌ಗಳು, ಹಳೆಯ ದೇಶೀ ಸುಂಕಕಟ್ಟೆಗಳ ವಶದಲ್ಲಿದ್ದವು. ಆದ್ದರಿಂದ ಬಂದರು ತೆರೆದ ಮೊದಲ ವರ್ಷಗಳಲ್ಲಿ ಅಂಕಿಗಳು ಏರಿದ್ದರೆ ಅದಷ್ಟೂ ಹೊಸ ವ್ಯಾಪಾರವಲ್ಲ, ದೋಣಿಯಲ್ಲಿ ಬರುತ್ತಿದ್ದ ಸರಕು ಹಬೆಹಡಗಿಗೆ ಹತ್ತಿದ್ದೂ ಅದರಲ್ಲಿ ಸೇರಿದೆ. ನಮ್ಮಲ್ಲಿ ಅಂಗಡಿಗಳನ್ನು ನೋಂದಣಿಗೆ ತಂದ ವರ್ಷ ವಹಿವಾಟು ಏರಿದಂತೆ ಕಾಣುತ್ತಿತ್ತು, ಮಂಡಿಯಲ್ಲಿ ಮೂಟೆಗಳು ಮಾತ್ರ ಹಿಂದಿನಷ್ಟೇ ಇರುತ್ತಿದ್ದವು.

ಸಣ್ಣ ಬಂದರಿನಲ್ಲಿ ಮೂವರು ಅಧಿಕಾರಿಗಳು. ಮೊದಲನೆಯವನು ಬ್ರಿಟಿಷ್ ಕಾನ್ಸಲ್. ತನ್ನ ದೇಶದವರ ಮೇಲಿನ ಮೊಕದ್ದಮೆಗಳನ್ನು ತಾನೇ ವಿಚಾರಿಸುವ ಅಧಿಕಾರ ಅವನದು, ಎಷ್ಟೋ ಕಡೆ ಬೇರೆ ದೇಶಗಳ ಕೆಲಸವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಎರಡನೆಯವನು ಚೀನೀ ಅಧಿಕಾರಿ ದಾವ್‌ತಾಯ್, ಅವನೇ ಸಾಮಾನ್ಯವಾಗಿ ಸುಂಕದ ಮೇಲ್ವಿಚಾರಕನೂ ಆಗಿದ್ದವನು. ಮೂರನೆಯವನು ಸುಂಕದ ಕಮಿಷನರ್. ಇವನು ಯುರೋಪಿನವನೋ ಅಮೆರಿಕದವನೋ ಆದರೂ ಸಂಬಳ ಪಡೆಯುತ್ತಿದ್ದುದು ಚೀನಾ ಸರ್ಕಾರದಿಂದ, ಮತ್ತು ಅವನ ಮೇಲಿನ ಮುಖ್ಯಸ್ಥ ಪೀಕಿಂಗಿನಲ್ಲಿದ್ದ ರಾಬರ್ಟ್ ಹಾರ್ಟ್. ಐರ್ಲೆಂಡಿನ ಉತ್ತರ ಭಾಗದಿಂದ 1854ರಲ್ಲಿ ಕಾನ್ಸಲ್ ಕಚೇರಿಯ ತರುಣನಾಗಿ ಬಂದ ಹಾರ್ಟ್ 1863ರಲ್ಲಿ ಇಲಾಖೆಯ ಮುಖ್ಯಸ್ಥನಾಗಿ 1911ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದ. ನೀವು ಚೀನಾ ಸರ್ಕಾರದ ಸೇವಕರು, ಚೀನೀ ಅಧಿಕಾರಿಗಳೊಡನೆಯೂ ಜನರೊಡನೆಯೂ ಹಾಗೆಯೇ ನಡೆದುಕೊಳ್ಳಬೇಕು ಎಂದು ತನ್ನ ವಿದೇಶಿ ನೌಕರರಿಗೆ ಅವನು 1864ರಲ್ಲೇ ಸುತ್ತೋಲೆ ಕಳುಹಿಸಿದ್ದ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಿಷಯವೆಂದರೆ ಹಣ ಯಾರ ಕೈಗೆ ಹೋಗುತ್ತಿತ್ತು ಎಂಬುದು. ಕಮಿಷನರ್ ಸರಕನ್ನು ಪರೀಕ್ಷಿಸಿ ಸುಂಕ ನಿಗದಿ ಮಾಡುತ್ತಿದ್ದನೇ ಹೊರತು 1911ರವರೆಗೆ ಹಣ ಮುಟ್ಟುತ್ತಿರಲಿಲ್ಲ. ವರ್ತಕ ಚೀಟಿ ಪಡೆದು, ಮೇಲ್ವಿಚಾರಕನ ವಶದಲ್ಲಿದ್ದ ಸುಂಕದ ಬ್ಯಾಂಕಿನಲ್ಲಿ ಬೆಳ್ಳಿ ಕಟ್ಟಿ, ರಸೀದಿ ತಂದು ತೋರಿಸಿದ ಮೇಲೆ ಸರಕು ಬಿಡುಗಡೆಯಾಗುತ್ತಿತ್ತು. ನಮ್ಮ ಇಲಾಖೆಯಲ್ಲೂ ನಿರ್ಧರಣೆ ನಮ್ಮದು, ಹಣ ಚಲನ್ ಮೂಲಕ ಖಜಾನೆಗೆ. ಲೆಕ್ಕ ಹಾಕುವವನ ಕೈಯೂ ಹಣ ಹಿಡಿಯುವವನ ಕೈಯೂ ಬೇರೆಯಾಗಿದ್ದುದರಿಂದಲೇ ಪೀಕಿಂಗ್ ಸರ್ಕಾರಕ್ಕೆ ಯಾವ ಬಂದರಿನಲ್ಲಿ ಎಷ್ಟು ಬರಬೇಕಿತ್ತು ಎಂಬುದು ಮೊದಲ ಬಾರಿಗೆ ನಿಖರವಾಗಿ ತಿಳಿಯುವಂತಾಯಿತು ಎಂಬುದು ನನ್ನ ದೃಢ ಅಭಿಪ್ರಾಯ. ಸುಂಕದ ದರ ನಿಗದಿಪಡಿಸುವ ಹಕ್ಕು ಮಾತ್ರ ಆ ಸರ್ಕಾರಕ್ಕೆ ಇರಲಿಲ್ಲ. ಶೇಕಡ 5ರ ದರವನ್ನು ಒಪ್ಪಂದದಲ್ಲೇ ಕಟ್ಟಿಹಾಕಿ, 1858ರ ಬೆಲೆಗಳ ಮೇಲೆ ಸರಕುವಾರು ಪಟ್ಟಿ ಮಾಡಿದ್ದರು. 1902ರವರೆಗೆ ಆ ಪಟ್ಟಿ ಪರಿಷ್ಕರಣೆಯಾಗಲಿಲ್ಲ. ಸ್ವಂತವಾಗಿ ದರ ನಿಗದಿಪಡಿಸುವ ಹಕ್ಕು ಚೀನಾಕ್ಕೆ ಮರಳಿ ಸಿಕ್ಕಿದ್ದು 1930ರ ಹೊತ್ತಿಗೆ. ಒಂದು ದೇಶ ತನ್ನ ಬಾಗಿಲಿನ ಸುಂಕವನ್ನು ತಾನೇ ಹೇಳಲಾಗದ ಸ್ಥಿತಿ ಎಷ್ಟು ದೊಡ್ಡ ಅವಮಾನವೆಂಬುದು ಸುಂಕದ ಕೆಲಸ ಮಾಡಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಬಂದರು ದಾಟಿದ ಮೇಲೆ ಸರಕಿಗೆ ಇನ್ನೊಂದು ಕಾಟವಿತ್ತು. ತೈಪಿಂಗ್ ದಂಗೆಯನ್ನು ಅಡಗಿಸಲು ಹಣ ಬೇಕಾಗಿ 1853ರಲ್ಲಿ ಆರಂಭವಾದ ಲಿಜಿನ್ ಎಂಬ ಒಳನಾಡು ಸುಂಕ, ನದಿಯ ತಿರುವು, ಸೇತುವೆ, ಪಟ್ಟಣದ ಬಾಗಿಲುಗಳಲ್ಲೆಲ್ಲ ಕಟ್ಟೆ ಹಾಕಿಕೊಂಡು ಕೂತಿತ್ತು. ಇದರಿಂದ ತಪ್ಪಿಸಿಕೊಳ್ಳಲು ವಿದೇಶಿ ಸರಕಿಗೆ ಒಂದು ದಾರಿಯಿತ್ತು. ಬಂದರಿನಲ್ಲೇ ಇನ್ನೂ ಅರ್ಧ ಸುಂಕ, ಅಂದರೆ ಶೇಕಡ 2.5 ಕಟ್ಟಿ ಸಾಗಣೆಯ ರಹದಾರಿ ಪಡೆದರೆ ದಾರಿಯ ಕಟ್ಟೆಗಳು ಮುಟ್ಟುವಂತಿಲ್ಲ. ಚೀಫೂ ಒಪ್ಪಂದದ ಮೇಲೆ ಆ ರಹದಾರಿ ಚೀನೀ ವರ್ತಕರಿಗೂ ಸಿಗತೊಡಗಿತು. ಪ್ರಾಂತ್ಯದ ಅಧಿಕಾರಿಗಳಿಗೆ ಇದು ತಮ್ಮ ಆದಾಯಕ್ಕೆ ಬಿದ್ದ ಕತ್ತರಿ. ರಹದಾರಿ ಇದ್ದರೂ ತಡೆದದ್ದು, ಗುರಿ ಊರು ತಲುಪಿದ ಕೂಡಲೇ ಬೇರೆ ಹೆಸರಿನ ತೆರಿಗೆ ಹಾಕಿದ್ದು, ಕಾನ್ಸಲ್ ದೂರು ಬರೆದದ್ದು, ದಾವ್‌ತಾಯ್ ನಯವಾಗಿ ಉತ್ತರ ತಡಮಾಡಿದ್ದು, ಇವೇ ಆ ಕಾಲದ ಸಣ್ಣ ಬಂದರುಗಳ ನಿತ್ಯದ ಜಗಳ. ಆಂಧ್ರದ ಗಡಿಯ ಚೆಕ್‌ಪೋಸ್ಟಿನಲ್ಲಿ ನಾನೂ ಟ್ರಾನ್ಸಿಟ್ ಪಾಸ್ ಬರೆದುಕೊಟ್ಟಿದ್ದೇನೆ. ರಾಜ್ಯ ಪ್ರವೇಶಿಸುವ ಕಡೆ ಪಡೆದು, ಹೊರಡುವ ಕಡೆ ಒಪ್ಪಿಸಬೇಕಾದ ಕಾಗದ ಅದು. ರಾತ್ರಿ ಎರಡು ಗಂಟೆಯಲ್ಲಿ ಲಾರಿ ಚಾಲಕರು ಹೇಳಿಕೊಳ್ಳುತ್ತಿದ್ದ ಕಷ್ಟಗಳನ್ನು ಕೇಳಿದಾಗಲೆಲ್ಲ "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಮಾತು ಮನಸ್ಸನ್ನು ಚುಚ್ಚುತ್ತಿತ್ತು. 1979ರಲ್ಲಿ ಆಕ್ಟ್ರಾಯ್ ಹೋಗಿ ಪ್ರವೇಶ ತೆರಿಗೆ ಬಂದದ್ದನ್ನೂ, ಜಿಎಸ್‌ಟಿಯ ಹೊತ್ತಿಗೆ ಚೆಕ್‌ಪೋಸ್ಟುಗಳು ಮುಚ್ಚಿದ್ದನ್ನೂ ಕಂಡವರು ಲಿಜಿನ್ ಕಟ್ಟೆಗಳ ಪುಟಗಳನ್ನು ನಿಧಾನವಾಗಿ ಓದಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಅಂಗಡಿಯವರು ಕೆಲಸದ ಕ್ರಮವನ್ನೇ ಬದಲಿಸಿದರು. ಎ3 ಹಾಳೆಯ ಮೇಲೆ ನಾಲ್ಕು ಪುಟ ಬರುವಂತೆ ಅಚ್ಚು ಹಾಕಿ, ನಡುವೆ ಮಡಿಸಿ, ನಾಲ್ಕು ನಾಲ್ಕು ಹಾಳೆ ಒಂದರೊಳಗೊಂದು ಸೇರಿಸಿ ಹದಿನಾರು ಪುಟಗಳ ಫಾರಂ ಮಾಡಿದರು. ಹೀಗೆ 26 ಫಾರಂ. ಹೊಲಿಗೆಯನ್ನು ಮಡಿಕೆಯ ಮೂಲಕವೇ ಹಾಕಿದ್ದರಿಂದ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಒಂದಂಕಿಯೂ ಬೆನ್ನಿನೊಳಗೆ ಹೋಗುವುದಿಲ್ಲ. ಬಹಳ ಅಗಲವಾದ ಹದಿನಾಲ್ಕು ಕೋಷ್ಟಕಗಳನ್ನು ಮಾತ್ರ ಜೋಡಿಪುಟ ಒಂದೇ ಹಾಳೆಯಲ್ಲಿ ಬರುವಂತೆ ಬಿಡಿಯಾಗಿ ಅಚ್ಚು ಮಾಡಿ, ಬಟ್ಟೆಯ ಪಟ್ಟಿಗೆ ಅಂಟಿಸಿ, ಆ ಪಟ್ಟಿಯನ್ನು ಫಾರಂಗಳ ನಡುವೆ ಸೇರಿಸಿ ಹೊಲಿದರು. ಬೆನ್ನಿಗೆ ಕ್ಯಾಲಿಕೊ ಬಟ್ಟೆ. ಅಂಟಿಗೆ ಮೈದಾ ಗಂಜಿ, ಹುಳು ಬೀಳದಂತೆ ಅದಕ್ಕೆ ಮೈಲುತುತ್ತ. ಈ ಹಳೆಯ ಕ್ರಮವನ್ನು ಯಜಮಾನರು ತಮ್ಮ ತಂದೆಯಿಂದ ಕಲಿತದ್ದಂತೆ, ಈಗ ಕೇಳುವವರಿಲ್ಲದೆ ಬಿಟ್ಟಿದ್ದರಂತೆ. ಬಿಡಬಾರದು ಎಂದು ಅವರಿಗೆ ಹೇಳಿಬಂದಿದ್ದೇನೆ.

ಈ ಸಂಪುಟವನ್ನು ಹಿಡಿದು ಓದತೊಡಗಿದ ಮೇಲೆ, ಮೊದಲು ಕೋಷ್ಟಕಗಳಿಗಾಗಿ ತರಿಸಿದ ಪುಸ್ತಕದಲ್ಲಿ ಬರಹದ ಭಾಗವೇ ಹೆಚ್ಚು ಹಿಡಿಸಿತು. ಎಲ್ಲ ಕಮಿಷನರುಗಳಿಗೂ ಒಂದೇ ಪ್ರಶ್ನಾವಳಿ. ಹತ್ತು ವರ್ಷದ ಮುಖ್ಯ ಘಟನೆಗಳು, ಅಫೀಮು, ಜನಸಂಖ್ಯೆ, ನದಿಯ ಆಳ, ದೇಶೀ ಬ್ಯಾಂಕುಗಳು, ಖಾಸಗಿ ಟಪ್ಪಾಲು ಅಂಗಡಿಗಳು, ವರ್ತಕರ ಸಂಘಗಳು, ಮಿಷನರಿಗಳು, ಪರೀಕ್ಷೆಗಳಲ್ಲಿ ಪದವಿ ಪಡೆದವರು. ಶಾಂಘೈಯವನಿಗೆ ಬರೆಯಲು ವ್ಯಾಪಾರವೇ ಬೇಕಾದಷ್ಟಿತ್ತು. ವೆನ್‌ಝೌನಂಥ ಊರಿನಲ್ಲಿ, ತೆರೆದ ಮೇಲೂ ವಿದೇಶಿ ವರ್ತಕರು ಬಂದು ನೆಲೆಸದೆ, ಚಹ, ಕಾಗದದ ಛತ್ರಿ, ಕಿತ್ತಳೆ ಹಣ್ಣಿನ ಸಾಧಾರಣ ವ್ಯಾಪಾರ ನೋಡಿಕೊಂಡಿದ್ದ ಅಧಿಕಾರಿಗೆ ಊರನ್ನು ನೋಡಲು ಸಮಯವಿತ್ತು. ಆದ್ದರಿಂದಲೇ ಸಣ್ಣ ಬಂದರುಗಳ ವರದಿಗಳಲ್ಲಿ ಜನಜೀವನದ ವಿವರ ಹೆಚ್ಚು. ಆ ಊರಿನಲ್ಲಿ ಅಪಾಯವೂ ಇತ್ತು. ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ 1884ರ ಅಕ್ಟೋಬರಿನಲ್ಲಿ ದೊಂಬಿಯೆದ್ದು ಪ್ರಾರ್ಥನಾ ಮಂದಿರದ ಜೊತೆಗೆ ಸುಂಕದವರ ಕಟ್ಟಡವೂ ಬೆಂಕಿಗೆ ಸಿಕ್ಕಿತು.

ಈಚಾಂಗಿನಲ್ಲಿ 1882ರಿಂದ ಸುಂಕ ಇಲಾಖೆಯ ವೈದ್ಯಕೀಯ ಕೆಲಸದಲ್ಲಿದ್ದ ಆಗಸ್ಟಿನ್ ಹೆನ್ರಿ ಸುತ್ತಲಿನ ಕಣಿವೆಗಳಲ್ಲಿ ಗಿಡಗಳನ್ನು ಸಂಗ್ರಹಿಸಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳುಹಿಸಿದ. ಮುಂದೆ ಮೆಂಗ್‌ಝ, ಸಿಮಾವ್ ಎಂಬ ಇನ್ನೂ ಸಣ್ಣ ಠಾಣೆಗಳಲ್ಲೂ ಅದೇ ಕೆಲಸ ಮುಂದುವರಿಸಿ, 1900ರಲ್ಲಿ ಚೀನಾ ಬಿಡುವ ಹೊತ್ತಿಗೆ ಆ ದೇಶದ ಸಸ್ಯಗಳ ಬಗ್ಗೆ ದೊಡ್ಡ ತಿಳಿವಳಿಕೆಯುಳ್ಳವನಾಗಿದ್ದ. ತೈವಾನಿನ ತಾಕೌ ಬಂದರಿನಲ್ಲಿ 1866ರಿಂದ ಸುಂಕದ ವೈದ್ಯನಾಗಿದ್ದು ಅನಂತರ ಅಮೋಯ್‌ಗೆ ಹೋದ ಪ್ಯಾಟ್ರಿಕ್ ಮ್ಯಾನ್ಸನ್, ಆನೆಕಾಲು ರೋಗದ ಹುಳುವಿನ ಮರಿಗಳು ರೋಗಿಯ ರಕ್ತದಿಂದ ಸೊಳ್ಳೆಯ ದೇಹ ಸೇರಿ ಅಲ್ಲಿ ಬೆಳೆಯುತ್ತವೆ ಎಂದು 1877ರಲ್ಲಿ ಕಂಡುಕೊಂಡು, ಅದನ್ನು ಸುಂಕ ಇಲಾಖೆಯ ವೈದ್ಯಕೀಯ ವರದಿಯಲ್ಲಿ ಬರೆದ. ತೆರಿಗೆ ಇಲಾಖೆಯೊಂದು ಬೇರೆ ಕೆಲಸಗಳಿಗೂ ಕಾಗದ, ಅಚ್ಚು, ಸಮಯ ಕೊಟ್ಟಿದ್ದರ ಫಲ ಇದು.

ನಮ್ಮ ದೇಶದ ಪಾಲು ಈ ಪುಸ್ತಕದಲ್ಲಿ ಸಂತೋಷ ಕೊಡುವಂಥದ್ದಲ್ಲ. ಅಫೀಮಿನ ಕೋಷ್ಟಕದಲ್ಲಿ ಮಾಳ್ವ, ಪಟ್ನಾ, ಬನಾರಸ್ ಎಂದು ನಮ್ಮ ಊರುಗಳ ಹೆಸರಿನಲ್ಲೇ ಸಾಲುಗಳಿವೆ. ಪಟ್ನಾ, ಬನಾರಸ್ ಸರಕು ಸರ್ಕಾರದ ಏಕಸ್ವಾಮ್ಯದಲ್ಲಿ ತಯಾರಾಗಿ ಕಲ್ಕತ್ತೆಯಿಂದ, ಮಾಳ್ವ ಸಂಸ್ಥಾನಗಳ ಸರಕು ಸುಂಕ ಕಟ್ಟಿ ಮುಂಬಯಿಯಿಂದ ಹೋಗುತ್ತಿತ್ತು. 1887ರಿಂದ ಪ್ರತಿ ಪಿಕಲ್‌ಗೆ 30 ಟೇಲ್ ಸುಂಕ ಮತ್ತು 80 ಟೇಲ್ ಲಿಜಿನ್, ಒಟ್ಟು 110 ಟೇಲನ್ನು ಬಂದರಿನಲ್ಲೇ ಒಟ್ಟಿಗೆ ವಸೂಲು ಮಾಡತೊಡಗಿದರು. ಅಂದರೆ 60 ಕಿಲೋ ಅಫೀಮಿಗೆ ನಾಲ್ಕು ಕಿಲೋಗೂ ಹೆಚ್ಚು ಬೆಳ್ಳಿ. ಆ ಹೊತ್ತಿಗಾಗಲೇ ಸಿಚುವಾನ್, ಯುನ್ನಾನ್‌ಗಳಲ್ಲಿ ಬೆಳೆದ ಅಗ್ಗದ ಅಫೀಮು ಭಾರತದ ಸರಕನ್ನು ಹಿಂದೆ ತಳ್ಳುತ್ತಿತ್ತು. 1907ರ ಒಪ್ಪಂದದಂತೆ ರಫ್ತು ವರ್ಷವರ್ಷವೂ ಇಳಿದು 1913ರಲ್ಲಿ ನಿಂತಿತು. ಆ ಸಾಲುಗಳನ್ನು ಓದುವಾಗ ನನಗೆ ನೋವಾಯಿತು.

ನೂಲಿನ ಕಥೆ ಬೇರೆ. ಮುಂಬಯಿಯ ಗಿರಣಿಗಳ ದಪ್ಪ ನೂಲು 1880ರ ದಶಕದಲ್ಲಿ ಮ್ಯಾಂಚೆಸ್ಟರ್ ನೂಲನ್ನು ಚೀನಾದ ಮಗ್ಗಗಳಿಂದ ಹೊರಗೆ ಹಾಕಿತು. ಒಳನಾಡಿನ ನೇಕಾರರು ಅದನ್ನು ಹಾಸುನೂಲಾಗಿ ಬಳಸಿ ತಮ್ಮ ಬಟ್ಟೆಯನ್ನು ತಾವೇ ನೇಯುತ್ತಿದ್ದರು. ಬೆಳ್ಳಿಯ ನಾಣ್ಯವಿದ್ದ ಎರಡು ದೇಶಗಳ ನಡುವೆ ವಿನಿಮಯದ ತೊಂದರೆ ಇಲ್ಲದ್ದು ಅದಕ್ಕೆ ಒಂದು ಕಾರಣ. 1893ರಲ್ಲಿ ಭಾರತದ ಟಂಕಸಾಲೆಗಳನ್ನು ಬೆಳ್ಳಿಗೆ ಮುಚ್ಚಿದ ಮೇಲೆ ಆ ಅನುಕೂಲ ಕುಗ್ಗಿತು. ಝೆನ್‌ಜಿಯಾಂಗ್ ಪುಟಗಳಲ್ಲಿ ನಮ್ಮವರು ಇನ್ನೊಂದು ರೀತಿಯಲ್ಲಿ ಬರುತ್ತಾರೆ. ಅಲ್ಲಿನ ಬ್ರಿಟಿಷ್ ವಸತಿಯಲ್ಲಿ ಪೊಲೀಸರಾಗಿದ್ದವರು ಸಿಖ್ಖರು. ಅವರಲ್ಲೊಬ್ಬ ಚೀನೀ ಮನುಷ್ಯನಿಗೆ ಹೊಡೆದನೆಂಬ ಸುದ್ದಿಯಿಂದ 1889ರ ಫೆಬ್ರವರಿಯಲ್ಲಿ ದೊಂಬಿಯೆದ್ದು ಬ್ರಿಟಿಷ್ ಕಾನ್ಸಲ್ ಕಚೇರಿ ಸುಟ್ಟುಹೋಯಿತು. ಹೈಕೌ ಬಂದರಿನ ರಫ್ತಿನ ಪಟ್ಟಿಯಲ್ಲಿ ಹಂದಿ, ಸಕ್ಕರೆಗಳ ಜೊತೆಗೆ ಅಡಿಕೆಯನ್ನು ಕಂಡಾಗ ಮಾತ್ರ, ಗುಬ್ಬಿ, ಚಿಕ್ಕನಾಯಕನಹಳ್ಳಿಯ ತೋಟಗಳನ್ನು ಬಲ್ಲವನಾದ್ದರಿಂದ, ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆ.

ಇನ್ನು ಖರ್ಚಿನ ಮಾತು. ಎ3 ಹಾಳೆ 104ಕ್ಕೆ ತಲಾ 10 ರೂಪಾಯಿಯಂತೆ 1,040, ಹದಿನಾಲ್ಕು ಬಿಡಿ ಕೋಷ್ಟಕಕ್ಕೆ ತಲಾ 8ರಂತೆ 112, ಬಣ್ಣದ ಐದು ನಕ್ಷೆಗಳಿಗೆ 200, ಹೊಲಿಗೆ ಮತ್ತು ರಟ್ಟಿಗೆ 450, ಒಟ್ಟು 1,802 ರೂಪಾಯಿ. ಮೊದಲು ಕೆಟ್ಟ ಪ್ರತಿಗೆ ಕೊಟ್ಟ ಹಣವನ್ನು ಇದರಲ್ಲಿ ಪೂರ್ತಿ ಮುರಿದುಕೊಂಡರು, ನಾನು ಕೇಳುವ ಮೊದಲೇ. ಹದಿನೈದು ದಿನ ಹೇಳಿ ಇಪ್ಪತ್ತಮೂರು ದಿನಕ್ಕೆ ಕೊಟ್ಟರು. ಪರೀಕ್ಷೆಯ ಸಮಯವಾದ್ದರಿಂದ ವಿದ್ಯಾರ್ಥಿಗಳ ಕೆಲಸ ಮೊದಲು ಎಂದು ತಿಳಿಸಿದ್ದರು, ಅದು ಸರಿಯೇ.

ಉಳಿದ ದೋಷಗಳನ್ನೂ ಹೇಳಬೇಕು. ನಕ್ಷೆಗಳಲ್ಲಿ ನದಿಯ ಆಳ ಸೂಚಿಸುವ ಸಣ್ಣ ಅಂಕಿಗಳು ಮಸುಕಾಗಿವೆ. ಅದಕ್ಕೆ ಅರ್ಧ ಕಾರಣ ಮೂಲ ಪ್ರತಿಯೇ ಆದರೂ, ಇನ್ನೂ ಗಟ್ಟಿ ಕಾಗದ ಬಳಸಿದ್ದರೆ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು. ವುಹು ಭಾಗದ ಎರಡು ಹಾಳೆಗಳು ತಲೆಕೆಳಗಾಗಿ ಮಡಿಕೆಯಲ್ಲಿ ಸೇರಿವೆ. ವಿದೇಶಕ್ಕೆ ರಫ್ತು ನಿಷಿದ್ಧವಾಗಿದ್ದ ಅಕ್ಕಿ ಆ ಬಂದರಿನಿಂದ ಚೀನಾದ ಬೇರೆ ಬಂದರುಗಳಿಗೆ ಹೋಗುತ್ತಿದ್ದುದರ ವಿವರ ಅಲ್ಲಿಯೇ ಇರುವುದರಿಂದ ಪುಸ್ತಕವನ್ನು ತಿರುಗಿಸಿ ಓದಬೇಕಾಗಿದೆ. ಬೆನ್ನಿನ ಮೇಲಿನ ಚಿನ್ನದಕ್ಷರದಲ್ಲಿ 1891ರ ಬದಲು 1981 ಎಂದು ಬಿದ್ದಿತ್ತು, ಅದನ್ನು ಕೂತಲ್ಲಿಯೇ ತಿದ್ದಿಕೊಟ್ಟರು.

ಇಂಥ ಕೆಲಸ ಮಾಡಿಸುವವರು ಅಂಗಡಿಗೆ ಹೋಗುವ ಮೊದಲು ಜೋಡಿಪುಟಗಳ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪಕ್ಕ ಹೊಲಿಗೆ ಬೇಡ, ಫಾರಂ ಹೊಲಿಗೆ ಬೇಕು ಎಂದು ಸ್ಪಷ್ಟವಾಗಿ ಹೇಳಿ, ಒಂದು ಫಾರಂ ಮಾತ್ರ ಮೊದಲು ಮಾಡಿಸಿ ನೋಡಿ, ಆಮೇಲೆ ಮುಂದುವರಿಯಲು ಒಪ್ಪಿಗೆ ಕೊಡಿ. ನಾನು ಈಗ 1892ರಿಂದ 1901ರವರೆಗಿನ ವರದಿಯಿಂದ ಬೈಹಾಯ್, ವುಝೌ, ಸಿಮಾವ್ ಭಾಗಗಳನ್ನು ಅದೇ ಅಂಗಡಿಗೆ ಕೊಟ್ಟು ಬಂದಿದ್ದೇನೆ. ಮಾದರಿ ಫಾರಂ ಮೊನ್ನೆ ಬಂತು. ಬೈಹಾಯ್ ಕೋಷ್ಟಕ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಂಡಿದೆ, ಪಿಕಲ್ ಎಂಬ ಪದ ಪ್ರತಿ ಸಾಲಿನಲ್ಲೂ ಪೂರ್ತಿಯಾಗಿ ಕಾಣುತ್ತಿದೆ.